ಅರ್ಧಾಕ್ಷರ

ಫಾರಂನಲ್ಲಿ ಇಷ್ಟೇ: ಹೆಂಗಸು, ನಲವತ್ತಾರು, ಬಲ ಹಿಮ್ಮಡಿ.
ಕಸುಬು: ಹೊಲಿಗೆ, ಪೀಣ್ಯ ಎರಡನೇ ಹಂತ.
ಹೆಸರಿದ್ದ ಕಡೆ ಯಾರೋ ಬಿಳಿ ಬಳಿದು
ಎಮ್-ಹದಿನೇಳು ಅಂತ ಬರೆದಿದ್ದಾರೆ.

ಪೆಡಲು ಒತ್ತುವ ಕಾಲು. ಕರೀ ಚುಕ್ಕೆ ಕಂಡಾಗ
ಮೊಳೆ ಚುಚ್ಚಿರಬೇಕು ಅಂದುಕೊಂಡಳಂತೆ,
ಎಂಟು ತಿಂಗಳು ಬೇವಿನೆಣ್ಣೆ ಬಿಸಿ ಮಾಡಿ ಬಿಟ್ಟಳಂತೆ.
ಇಡೀ ಫೈಲಿನಲ್ಲಿ ಅದೊಂದೇ ಸಾಲು ಆಕೆಯ ಮಾತು.

ಮೊಳೆ ಅಂದರೆ ನಮ್ಮ ಮನೆಯಲ್ಲಿ ಬೇರೆ.
ಅಪ್ಪ ಬಳೇಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು,
ಸೀಸದ ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು.
ಒಂದು ಲಗ್ನಪತ್ರಿಕೆಯಲ್ಲಿ ತಲೆಕಟ್ಟಿನ ಜಾಗಕ್ಕೆ
ಕೊಕ್ಕೆ ಬಂದು ಕೂತು
ಮದುಮಗಳು ಪದುಮ ಹೋಗಿ 'ಪದುಮ್' ಆಗಿದ್ದಳು.
ಅಕ್ಷರ ಅದೇ ಕಣೇ, ಅಂದಿದ್ದರು,
ಉಸಿರು ಹೋಗಿದೆ, ಅಷ್ಟೆ.

ಈ ಕೋಶಗಳಲ್ಲೂ ಹಾಗೇ.
ಎಲ್ಲ ಸಾಲೂ ಕೆಟ್ಟಿಲ್ಲ. ಸಾಕು, ನಿಲ್ಲು ಎನ್ನಬೇಕಾದ
ಜೀನುಗಳ ನೆತ್ತಿಯ ಮೇಲೆ
ಮೀಥೈಲಿನ ಪುಟ್ಟ ಕೊಕ್ಕೆ.

ಮೂರು ದಿನ ಔಷಧಿ. ಪಕ್ಕದ ತಟ್ಟೆಗೆ ಬರೀ ದ್ರಾವಕ.
ನಾಲ್ಕನೆಯ ಬೆಳಿಗ್ಗೆ ಕರೆಂಟು ಹೋಗಿ
ಜನರೇಟರು ಗೊರಗೊರ ಅನ್ನುವಾಗ ಕಣ್ಣಿಟ್ಟರೆ,
ದುಂಡಗೆ ಒತ್ತಿಕೊಂಡಿದ್ದವು ಕೈ ಚಾಚಿದ್ದವು,
ಚರ್ಮಕ್ಕೆ ಬಣ್ಣ ಹಂಚುವ ಕಾಲದಲ್ಲಿ ಚಾಚುತ್ತಿದ್ದ ಕೈ.
ಟ್ಯೂಬಿನ ತಳದಲ್ಲಿ ರಾಗಿ ಗಂಜಿಯ ಬಣ್ಣದ ಗಸಿ.
ನಾನು ಕೂಗಿದ್ದಕ್ಕೆ ಇಲಿಯಾಜ್ ಓಡಿ ಬಂದ,
ಏನೋ ಚೆಲ್ಲಿತೆಂದು.

ಎರಡು ವಾರಕ್ಕೆ ಪಟ್ಟಿ ಬಂತು:
ನಾನೂರ ಹನ್ನೆರಡು ಜೀನು ಬಾಯಿ ಬಿಟ್ಟಿವೆ, ಕೆಂಪಗೆ.
ಬೇಕಾದ್ದು ಹತ್ತೋ ಹನ್ನೆರಡೋ.
ಕೊಕ್ಕೆ ಕೀಳುವ ಕೈಗೆ ಯಾವ ಮೊಳೆಯಾದರೇನು,
ವೃಷಣದ್ದೊಂದು, ಭ್ರೂಣದಲ್ಲೇ ಮಾತು ಮುಗಿಸಿದ್ದೊಂದು,
ಔಷಧಿಯನ್ನೇ ಹೊರದಬ್ಬುವ ಪಂಪಿನದೊಂದು,
ಎಲ್ಲಕ್ಕೂ ಈಗ ಮಾತು.

ತೊಳೆದು, ಹತ್ತು ದಿನ ಬಿಟ್ಟು ನೋಡಿದೆ.
ಕೈ ಒಳಗೆಳೆದುಕೊಂಡು ಮತ್ತೆ ದುಂಡಗೆ.
ಎಲ್ಲವೂ ಅಲ್ಲ.
ಎಣಿಸುತ್ತ ಕೂತೆ, ಎಂಟೂವರೆಯ ತನಕ.

ಜಾಲಹಳ್ಳಿ ಕ್ರಾಸಿನಲ್ಲಿ ಶಿಫ್ಟು ಬಿಟ್ಟ ಹೆಂಗಸರು
ಬಸ್ಸಿಗೆ ಓಡುತ್ತಿದ್ದರು, ಚಪ್ಪಲಿ ಪಟಪಟ,
ಹಿಮ್ಮಡಿಗಳು ಎದ್ದು, ಕಂಡು, ಮುಚ್ಚಿಹೋಗುತ್ತ.
ನಾನು ಕಂಬಕ್ಕೊರಗಿ
ಆ 'ಮ್'ಗೆ ಒಂದೊಂದೇ ಸ್ವರ ಹಚ್ಚಿ ನೋಡಿದೆ:
ಮಾದೇವಿ. ಮುನಿರತ್ನ. ಮೇರಿ.
ಮೊಹಸಿನಾ ಇರಬಹುದೇ
ಅನ್ನುವಷ್ಟರಲ್ಲಿ ಬಸ್ಸು ಬಂತು.