ನೀವು ಹುಡುಕಿದ್ದು ಕಾಂಚೀಪುರವೇ?

ಗೋಣಿಕೊಪ್ಪದಲ್ಲಿ, ಜೆರಾಕ್ಸ್ ಅಂಗಡಿಯ ಹಿಂದಿನ ಮೂಲೆಗೆ
ಯಾರ ಕಣ್ಣಿಗೂ ಬೀಳದ ವೆಬ್‌ಸೈಟುಗಳನ್ನು ತರುತ್ತಾರೆ.

ಇವತ್ತು ದೇಚಮ್ಮ.
ಎರಡು ಬಾಟಲಿ ಕಾಚಂಪುಳಿ ಮೇಜಿನ ಮೇಲಿಟ್ಟು
'ಹೆಸರು ಹೊಡೆದರೆ ಸೀರೆ ತೋರಿಸ್ತದೆ, ನೋಡು' ಎಂದರು.
ಹೊಡೆದೆ. ನಿಜ.
ನೀವು ಹುಡುಕಿದ್ದು ಕಾಂಚೀಪುರವೇ?

ಮಡಕೆಯ ಒಂದೇ ಫೋಟೊ ಹನ್ನೊಂದು ಎಂಬಿ.
ಅದು ತೆರೆದುಕೊಳ್ಳುವಷ್ಟರಲ್ಲಿ ಗಿರಾಕಿ
ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿ ಕೇರಳ ಸೇರಿರುತ್ತಾನೆ.
ಅದೇ ಪುಟ ಮೂರು ವಿಳಾಸದಲ್ಲಿ, ಮೂರು ಕಾಗುಣಿತದಲ್ಲಿ:
ಕಾಚಂಪುಳಿ, ಕಾಚಾಂಪುಲಿ, ಕಾಚಿಪುಳಿ.
ಒಂದನ್ನು ಉಳಿಸಿ ಮಿಕ್ಕವಕ್ಕೆ ಅದರ ದಾರಿ ತೋರಿಸಿದೆ.
ಹೊರಗಿನವರು ಹೆಸರು ಹಿಡಿದು ಕೇಳುವುದಿಲ್ಲ,
'ಪಂದಿಕರಿಗೆ ಹಾಕುವ ಆ ಕಪ್ಪು ಹುಳಿ' ಎನ್ನುತ್ತಾರೆ.
ಅದನ್ನೂ ಬರೆದೆ.

ಆದರೂ ಪುಟ ಎಲ್ಲೂ ಇಲ್ಲ.

ಐದಕ್ಕೆ ಹೋದ ಕರೆಂಟು ಆರಕ್ಕೆ ಬಂದ ಮೇಲೆ
ಕೋಡಿನ ಏಳನೇ ಸಾಲಿನಲ್ಲಿ ಸಿಕ್ಕಿತು: ನೋಇಂಡೆಕ್ಸ್.
'ಕೆಲಸ ನಡೆಯುತ್ತಿದೆ, ಒಳಗೆ ಬರಬೇಡಿ' ಎಂದು
ಸೈಟು ಕಟ್ಟಿದ ಹುಡುಗ ತೂಗುಹಾಕಿದ್ದ ಬೋರ್ಡು.
ಅವನು ಕಾಸು ತಗೊಂಡು ಹೋಗಿ ಎರಡು ವರ್ಷ.
ಎರಡು ವರ್ಷ ಇವರು ಒಳಗಿನಿಂದ
ಬೆಲೆಪಟ್ಟಿ ತಿದ್ದುತ್ತಲೇ ಇದ್ದರು.

ಅಳಿಸಿದೆ.
'ಈಗ ಬರ್ತದಾ?'
'ವಾರ ಆಗಬಹುದು. ತಿಂಗಳೂ ಆಗಬಹುದು.'
ಬೈಗುಳಕ್ಕೆ ಕಾದೆ.
'ಪಣಪುಳಿ ಹಣ್ಣು ಬುಟ್ಟಿಯಲ್ಲೇ ಕೊಳೆತು ರಸ ತೊಟ್ಟಿಕ್ಕಬೇಕು,
ಕೆಳಗೆ ಕೂತು ಮಡಕೆ ಬಗ್ಗಿ ನೋಡಿದರೆ
ಬೇಗ ತುಂಬ್ತದಾ?' ಎಂದು
ನೂರೈವತ್ತು ಎಣಿಸಿಟ್ಟು,
ಒಂದು ಬಾಟಲಿ ವಾಪಸು ಚೀಲಕ್ಕೆ ಹಾಕಿಕೊಂಡರು.

'ಇದು, ಕಾಣಿಸಿದ ಮೇಲೆ.'