ಚೀಸಿನ ಸಿಪ್ಪಿ

ಕ್ರಾಫರ್ಡ್ ಮಾರ್ಕೆಟ್ಟಿನಾಗ ಹುಜೈಫಾ ಭಾಯಿ
ನಾ ಬರೋದು ಕಂಡರ ಪುಡಿ ಡಬ್ಬಿ ಒಳಗ ಸರಸತಾನ.
ಒಮ್ಮೆ ಅಂದಿದ್ದೆ ಅವಗ: ಭಾಯಿ, ಇದನ್ನ ಮೂಸಿದರ
ಬಡಗ್ಯಾರ ಅಂಗಡಿ ನೆನಪಾಗತದ.

ತುಂಡು ತೋರಸು, ಚಕ್ರದಿಂದ ಇವತ್ತ ಒಡದದ್ದು.
ಒಡದದ್ದು ಅಂದರ ಒಡದದ್ದ, ಕೊಯ್ದದ್ದಲ್ಲ.
ಚಾಕು ಊರಿ ತಿರುವಿದರ
ಬೆಲ್ಲದ ಪೆಂಟಿ ಬಿರಿದಂಗ ಬಿರೀಬೇಕು.
ಬಣ್ಣ, ಒಣಗಿದ ಜ್ವಾಳದ ಕಣಕಿ.
ಸಿಪ್ಪಿ ಮ್ಯಾಲ ಚುಕ್ಕಿ ಚುಕ್ಕಿ ಅಕ್ಷರ,
ಹಚ್ಚಿ ಚುಚ್ಚಿಸಿಕೊಂಡ ಮುದುಕಿಯ ಮೊಳಕೈ.
ಯಾವ ಭಾಷಿ ಅಂತ ಕೇಳಿಲ್ಲ,
ಕನ್ನಡ ಸುದ್ದಾ ಅಷ್ಟಕ್ಕಷ್ಟ ನಂದು.
ಹಲ್ಲಿಗೆ ಕಟುಕ್ ಅಂತ ಬಿಳೇ ಹರಳು ಸಿಗಬೇಕು.
ಉಪ್ಪು ಅಂತ ತಿಳಕೊಂಡಿದ್ದೆ ಭಾಳ ವರ್ಷ. ಉಪ್ಪಲ್ಲಂತ.

ಕೊಲಾಬಾದಾಗ ಫ್ರೇನಿ ಬಾಯಿ ಮನಿ.
ಒಲಿ ಆರಿಸಿದ ಮ್ಯಾಲ ಪಾಸ್ತಾಕ್ಕ ತುರಿ ಉದರಸತೀನಿ;
ಉರಿ ಮ್ಯಾಲ ಹಾಕಿದರ ಗಂಟಾಗತದ, ಎಳದರ ರಬ್ಬರು.
ಬಾಯಿಗೆ ಎಂಬತ್ತೆರಡು. ಎರಡು ತುತ್ತು ತಿಂತಾಳ,
ಸಿಪ್ಪಿ ಬಿಸಾಕು ಅಂತಾಳ.
ನಾ ಬಿಸಾಕೂದಿಲ್ಲ. ಆಕಿಗೂ ಗೊತ್ತು.

ಕಾಟನ್ ಗ್ರೀನಿನ ಖೋಲ್ಯಾಗ
ತೊಗರಿ ಬ್ಯಾಳಿ ಕುದಿವಾಗ ತಳಕ್ಕ ಬಿಟ್ಟೆ ಒಂದು ಸಿಪ್ಪಿ.
ಬ್ಯಾಳಿ ಒಂದು ತಾಸು ಅದನ್ನ ಚೀಪಿತು.
ಅತ್ತಿ ಗುರಸಿದ್ದವ್ವ, ಕೊರಳಾಗ ಲಿಂಗ,
ತತ್ತಿ ಹಾಕಿದ ಕೇಕಿನ ಡಬ್ಬಿ ಸುದ್ದಾ ಹೊಸ್ತಿಲ ಹೊರಗ,
ಎರಡು ಸಲ ನೀಡಿಸಿಕೊಂಡಳು.
"ಏನ್ ಹಾಕೀದಿ ಇವತ್ತ?"
"ಹಳೇದು ಒಂದು," ಅಂದೆ.
ಆಮ್ಯಾಲ ಶುಕ್ರವಾರ ಬಂದರ ಸಾಕು:
ಹಳೇದು ಹಾಕಿದಿಯೇನವಾ?

ಹೋದ ತಿಂಗಳ ತೂಕಾ ಮಾಡತ ಮಾಡತ ಭಾಯಿ ಅಂದ,
ಹಾಲು ಒಡಸಾಕ ಎಳೀ ಕರುವಿನ ಹೊಟ್ಟಿ ಒಳಗಿಂದೇನೋ ಹಾಕತಾರ,
ಅದಿಲ್ಲದ ಇದು ಇದಾಗೂದಿಲ್ಲ.
ತಕ್ಕಡಿ ತೂಗಾಡಿ ನಿಂತಿತು.

ಯಡ್ರಾಮಿಯಾಗ ಆಕಳು ಈದ ರಾತ್ರಿ
ಕರುವಿನ ಮೂಗು ಒರಸಕೋತ
ಬೆಳಗಿನ ತನಕ ಕೂತಿರತಿದ್ದಳು ನಮ್ಮತ್ತಿ.

ಗಾಡ್ಯಾಗ ಎಣಿಸಿದೆ, ಎಷ್ಟು ಶುಕ್ರವಾರ.
ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್,
ರೇ ರೋಡಿಗೆ ಎಣಿಕಿ ಬಿಟ್ಟೆ.

ಈ ಸಲ ಹಸರ ಚುಕ್ಕಿ ಇದ್ದದ್ದ ಕೇಳಿದೆ.
ಹುಡುಕಿ ಕೊಟ್ಟ ಭಾಯಿ, ಇಲ್ಲೇ ಎಲ್ಲೋ ಮಾಡಿದ್ದು,
ಎಂಟ ತಿಂಗಳದ್ದು.
ನನ್ನ ರೊಕ್ಕ. ಸಿಪ್ಪಿ ಅಲ್ಲ, ಇಡೀ ತುಂಡು.
ಇಷ್ಟು ವರ್ಷದಾಗ ನನಗಂತ ತಗೊಂಡದ್ದು ಇದ ಮೊದಲು;
ಬ್ಯಾಳ್ಯಾಗ ಬಿಟ್ಟು ತಾಸಿನ ಮ್ಯಾಲ ಅರ್ಧ ತಾಸು ಕುದಸಿದೆ.

ಅತ್ತಿ ಒಂದು ತುತ್ತು ಬಾಯಾಗ ಹೊರಳಿಸಿದಳು.
ನುಂಗಿದಳು. ನನ್ನ ಮಾರಿ ನೋಡಿದಳು.
"ಇದು ಅದಲ್ಲ," ಅಂದಳು.
ಮಜ್ಜಿಗಿ ಕೇಳಿದಳು.

ಮಜ್ಜಿಗಿಗೆ ಅಂತ ಫ್ರಿಜ್ಜು ತಗದೆ.
ಮ್ಯಾಲ, ಬರ್ಫದ ಖಾನ್ಯಾಗ,
ಕಾಗದ ಸುತ್ತಿದ ಮೂರು ಸಿಪ್ಪಿ.
ಇವತ್ತ ಗುರುವಾರ.