ಮೂರನೆಯ ಹಾಳೆ

ಸೆತೂಬಲ್ಲಿನ ಆ ಅಂಗಡಿಯಲ್ಲಿ ದೂರಿನ ಪುಸ್ತಕ
ಟೇಬಲ್ ಫ್ಯಾನಿನ ಕಾಲಡಿ ಇತ್ತು.
ಕೆಂಪು ರಟ್ಟು. ಒಂದು ಹಾಳೆಗೂ ಮಸಿ ತಾಗಿರಲಿಲ್ಲ.
ಬಾಗಿಲ ಗಾಜಿನ ಮೇಲೆ ಸರ್ಕಾರದ ಚೀಟಿ:
ಕೇಳಿದವರಿಗೆ ಕೊಡಲಾಗುವುದು.
ಕೇಳಿದವರಿರಲಿಲ್ಲ.
ಫ್ಯಾನು ಅಲುಗಾಡದೆ ತಿರುಗುತ್ತಿತ್ತು.

ನನಗಾಗ ಹತ್ತೊಂಬತ್ತು. ಧಣಿ ಬೆಲ್ಮೀರು
ಮೊದಲ ದಿನವೇ ಪಾಠ ಹೇಳಿದ್ದ:
ಕೆಟ್ಟದ್ದು ವಾಪಸು ತಂದರೆ ಬಿಲ್ಲು ಕೇಳು,
ಬಿಲ್ಲು ತೋರಿಸಿದರೆ ಡಬ್ಬ ಕೇಳು,
ಡಬ್ಬವನ್ನು ಯಾರೂ ಇಟ್ಟುಕೊಂಡಿರುವುದಿಲ್ಲ.
ಕಾನೂನಿನಲ್ಲಿ ಡಬ್ಬದ ಮಾತೇ ಇಲ್ಲ ಎಂಬುದು
ಅವನಿಗೆ ಗೊತ್ತಿತ್ತು. ನಾನು ಕೇಳಲು ಹೋಗಿರಲಿಲ್ಲ.

ಎರ್ಮೆಲಿಂಡಾ ಬಂದಳು, ಮಂಗಳವಾರ, ಊಟದ ಹೊತ್ತು.
ಇಸ್ತ್ರಿಪೆಟ್ಟಿಗೆಯನ್ನು ವಯರಿನಿಂದ ತೂಗಾಡಿಸುತ್ತ,
ಸತ್ತ ಕೋಳಿ ಹಿಡಿದವಳ ಹಾಗೆ.
ಏಳು ತಿಂಗಳಿಗೇ ತಣ್ಣಗಾಗಿತ್ತು ಅದು.
ಬಿಲ್ಲು ಇತ್ತು, ಕುಪ್ಪಸದೊಳಗೆ, ನಾಲ್ಕು ಮಡಿಕೆಯಾಗಿ.
‘ಡಬ್ಬ?’ ಎಂದೆ.
‘ಡಬ್ಬದಲ್ಲಿ ಬೆಕ್ಕು ಈದಿದೆ. ಐದು ಮರಿ.
ಬೇಕಾದರೆ ನೀನೇ ಬಂದು ಎಬ್ಬಿಸು.’
ನಕ್ಕೆ.
‘ಡಬ್ಬದ ವಿಷಯ ನನಗೆ ಹೇಳಬೇಡ ಹುಡುಗಾ,
ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಡಬ್ಬ ತುಂಬಿದವಳು.
ಒಂದು ಮತ್ತಿಮೀನು ಕಮ್ಮಿ ಬಿದ್ದರೆ
ಅರ್ಧ ದಿನದ ಕೂಲಿ ಹಿಡಿಯುತ್ತಿದ್ದರು.
ಎಲ್ಲೋ ದೂರದಲ್ಲಿ ಡಬ್ಬ ಬಿಚ್ಚುವವನಿಗೆ ಮೋಸವಾಗಬಾರದಂತೆ.
ಆ ಬಿಚ್ಚುವವಳು ಇವತ್ತು ನಾನು.
ಪುಸ್ತಕ ತೆಗಿ.’

ಪುಸ್ತಕ ಎಳೆದೆ. ಫ್ಯಾನು ಒಂದು ಕಡೆಗೆ ವಾಲಿ
ಗೋಡೆಗೆ ಗಾಳಿ ಹಾಕತೊಡಗಿತು.
ಪೆನ್ನು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.
‘ನನಗೆ ಬರೆಯಲು ಬಾರದು. ನೀನು ಬರಿ.’

ಹೀಗೆ ನಾನು, ನನ್ನ ಕೈಯಾರೆ,
ನನ್ನ ಮೇಲೆಯೇ ದೂರು ಬರೆದೆ.
‘ಡಬ್ಬ ಕೇಳಿದ ಅಂತ ಹಾಕು. ನಕ್ಕ ಅಂತ ಹಾಕು.’
‘ನಗು ದೂರಿಗೆ ಸೇರುವುದಿಲ್ಲ, ಅಮ್ಮ.’
‘ಯಾರು ಹೇಳಿದರು?’
ಹಾಕಿದೆ. ಬೆಕ್ಕನ್ನೂ ಹಾಕಿಸಿದಳು, ಮರಿಗಳ ಲೆಕ್ಕ ಸಮೇತ.

ಒಂದೇ ಬರಹಕ್ಕೆ ಹಾಳೆ ಮೂರು: ಮೇಲಿನದು ಇಲಾಖೆಗೆ,
ನಡುವಿನದು ಅವಳಿಗೆ, ಅಡಿಯದು ಪುಸ್ತಕದಲ್ಲೇ, ನಮಗೆ.
ಪೆನ್ನನ್ನು ನಾನು ತೇಲಿಸಿ ತೇಲಿಸಿ ಬರೆದಿದ್ದೆ.
ಬೇಕೆಂದೇ ಮಾಡಿದೆನೇ? ಇಂದಿಗೂ ಹೇಳಲಾರೆ.
ಅವಳು ಓದಿ ಹೇಳು ಎನ್ನಲಿಲ್ಲ.
ಅಡಿಯ ಹಾಳೆ ಮಗುಚಿ, ಬೆನ್ನ ಮೇಲೆ
ಉಪ್ಪುನೀರಿಗೆ ಸುಕ್ಕಾದ ಹೆಬ್ಬೆರಳು ಆಡಿಸಿದಳು,
ಮೀನಿನೊಳಗೆ ಮುಳ್ಳು ಹುಡುಕುವ ಹಾಗೆ, ಎಡದಿಂದ ಬಲಕ್ಕೆ,
ಸಾಲು ಸಾಲಾಗಿ.
‘ಇಲ್ಲಿಗೆ ಇಳಿದಿಲ್ಲ,’ ಎಂದಳು.
‘ಇನ್ನೊಂದು ಸಲ. ಒತ್ತಿ ಬರಿ.’

ಒತ್ತಿ ಬರೆದೆ. ಬೆರಳ ಗೆಣ್ಣು ಬೆಳ್ಳಗಾಗುವಷ್ಟು.
ಸಹಿಯ ಜಾಗದಲ್ಲಿ ಅವಳು ಅದೇ ಹೆಬ್ಬೆರಳು ಊರಿದಳು.

ಇಲಾಖೆಯ ಕಾಗದ ಬರುವ ಮುಂಚೆಯೇ
ಬೆಲ್ಮೀರು ಹೊಸ ಇಸ್ತ್ರಿಪೆಟ್ಟಿಗೆ ಕಳಿಸಿಕೊಟ್ಟ,
ಎರಡು ವಾರ ನನ್ನೊಡನೆ ಮಾತು ಬಿಟ್ಟ,
ಫ್ಯಾನಿನ ಕಾಲಿಗೆ ಹಳೆಯ ಕ್ಯಾಟಲಾಗು ಇಟ್ಟ.
ಅಂಗಡಿ ಈಗಿಲ್ಲ. ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಎರ್ಮೆಲಿಂಡಾ ಆಮೇಲೊಮ್ಮೆ ಬಂದಿದ್ದಳು, ಒಂದು ಬಲ್ಬಿಗೆ.
ದುಡ್ಡು ಮುಷ್ಟಿಯಲ್ಲೇ ಹಿಡಿದು
‘ಉರಿಸಿ ತೋರಿಸು,’ ಎಂದಳು.
ಹಗಲು ಹನ್ನೆರಡು ಗಂಟೆ. ಉರಿಸಿದೆ.
ಇಬ್ಬರೂ ಅದರ ಕೆಳಗೆ ನಿಂತೆವು,
ಅವಳು ಮನಸ್ಸಿನಲ್ಲೇ ಏನೋ ಎಣಿಸಿ ಮುಗಿಸುವವರೆಗೆ.